ಸಾಸಿವೆಯ ಸರ್ವಋತು ಪರೀಕ್ಷೆ

ಏನಾಗಿರಬಹುದು, ಹೇಳಿ ನೋಡೋಣ. ಯಲಹಂಕದಲ್ಲಿ, ಪುಟ್ಟೇನಹಳ್ಳಿ ಕೆರೆಗೆ ಬೆನ್ನು ಮಾಡಿಕೊಂಡು ನಿಂತ ಒಂದು ಅಪಾರ್ಟ್‌ಮೆಂಟು. ಭಾನುವಾರ ಮಧ್ಯಾಹ್ನ. ಜಡಿಮಳೆ, ಕಿವಿ ಕೊರೆಯುವ ಚಳಿ. ಮೂವರು ಪದವೀಧರ ಗಂಡಸರು ಕೊಡೆ ಹಿಡಿದು, ತ್ರಿಕೋನಾಕಾರವಾಗಿ ನಿಂತು, ತುಟಿ ಚೂಪು ಮಾಡಿ, ನೆಲ ನೋಡುತ್ತಾ ಒಕ್ಕೊರಲಿನಿಂದ ‘ಸ್ಸ್‌ಸ್‌ಸ್‌’ ಎನ್ನುತ್ತಿದ್ದಾರೆ. ಹಾವು ಬಂದಿದೆಯೇ? ಇಲ್ಲ. ಪ್ರಾಣಾಯಾಮವೇ? ಅದೂ ಅಲ್ಲ. ಕುಕ್ಕರ್ ಕಂಪನಿಯ ಪ್ರಚಾರವೇ? ಬಿಡಿ, ಇದನ್ನು ಊಹಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ. ಅಲ್ಲಿ ನಡೆಯುತ್ತಿದ್ದುದು ಒಂದು ವಿಧಿವತ್ತಾದ ತಪಾಸಣೆ. ತ್ರಿಕೋನದ ನಡುವೆ ಅಂಗೈಯಗಲದ ಒಂದು ಹೆಣ್ಣು ನಾಯಿಮರಿ ನಡುಗುತ್ತಾ ಕೂತಿತ್ತು. ಹೆಸರು ಸಾಸಿವೆ.

ಸಾಸಿವೆ ವೆಂಕಟರಾಮಯ್ಯನವರ ಮನೆಗೆ ಬಂದದ್ದು ಚಿಕಿತ್ಸೆಯ ರೂಪದಲ್ಲಿ. ಅವರ ಹೆಂಡತಿ ಕೃಷ್ಣಮ್ಮನವರಿಗೆ ಮಂಡಿ ಬದಲಾಯಿಸಿದ್ದರು. ಹೊಸ ಮಂಡಿ ಗಟ್ಟಿಯಾಗಿತ್ತು, ಡಾಕ್ಟರೂ ‘ನಡೀರಿ’ ಅಂದಿದ್ದರು, ಆದರೆ ಕೃಷ್ಣಮ್ಮನವರು ಮಂಚ ಬಿಟ್ಟು ಇಳಿಯಲೊಲ್ಲರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, “ಆಂಟೀ, ಬಾಗಿಲ ತನಕ ಬನ್ನಿ ಸಾಕು” ಅಂದರೆ, “ನಾಳೆ ಬರ್ತೀನಿ ಕಣಮ್ಮ, ಈಗ ಕಾಫಿ ಕುಡಿ” ಅನ್ನುವರು. ಹೀಗೇ ಎರಡು ತಿಂಗಳು ಆ ಹುಡುಗಿಗೆ ಕಾಫಿ ಸಂದಾಯವಾಯಿತು. ಕಡೆಗೆ ಹುಣಸಮಾರನಹಳ್ಳಿಯಲ್ಲಿದ್ದ ಕೃಷ್ಣಮ್ಮನವರ ತಮ್ಮ, ಟೊಮೆಟೊ ಕ್ರೇಟಿನಲ್ಲಿ ಈ ಮರಿಯನ್ನು ಇಟ್ಟುಕೊಂಡು ಬಂದು ನಡುಮನೆಯಲ್ಲಿ ಬಿಟ್ಟ. ಮರಿ ನೇರವಾಗಿ ಫ್ರಿಜ್ಜಿನ ಹತ್ತಿರ ಹೋಗಿ, ನಾಲ್ಕೂ ದಿಕ್ಕು ನೋಡಿ, ಕೆಲಸ ಮುಗಿಸಿತು. “ಅಯ್ಯೋ ನಿನ್ ಮುಖಕ್ಕಿಷ್ಟು!” ಅಂತ ಕೃಷ್ಣಮ್ಮನವರು ಎದ್ದರು. ಎದ್ದವರು ಒರೆಸುವ ಬಟ್ಟೆ ತಂದರು. ಅಷ್ಟರಲ್ಲಿ ಮರಿ ದೇವರ ಮನೆಯ ಬಾಗಿಲಿಗೆ ಹೋಗಿತ್ತು. ಇವರೂ ಹೋದರು. ಸಂಜೆಯ ಹೊತ್ತಿಗೆ ಕೃಷ್ಣಮ್ಮನವರು ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಬಟ್ಟೆ ಹಿಡಿದು ಇಡೀ ಮನೆ ತಿರುಗಿದ್ದರು. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ವೆಂಕಟರಾಮಯ್ಯನವರು, ಆಕಾಶವೇ ಕಳಚಿ ಬಿದ್ದರೂ ಈ ಮರಿ ಈ ಮನೆ ಬಿಟ್ಟು ಹೋಗಕೂಡದು ಎಂದು ಅಲ್ಲೇ ತೀರ್ಮಾನಿಸಿದರು.

ಅಡ್ಡಿಯಿದ್ದದ್ದು ಒಂದೇ: ನಿವಾಸಿಗಳ ಸಂಘದ ಹದಿನಾಲ್ಕನೇ ನಿಯಮ.

“ನಿವಾಸಿಗಳು ಸಾಕತಕ್ಕ ನಾಯಿಯು, ಆವರಣಕ್ಕೆ ಬಂದ ಒಂದು ತಿಂಗಳೊಳಗಾಗಿ, ಗೊತ್ತುಪಡಿಸಿದ ಸ್ಥಳದಲ್ಲಿಯೇ, ಸರ್ವ ಹವಾಮಾನಗಳಲ್ಲಿಯೂ, ಸ್ವಇಚ್ಛೆಯಿಂದ ವಿಸರ್ಜಿಸತಕ್ಕದ್ದೆಂದು ಸಮಿತಿಯ ಸಮಕ್ಷಮ ಸಾಬೀತುಪಡಿಸತಕ್ಕದ್ದು. ತಪ್ಪಿದಲ್ಲಿ ಸದರಿ ನಾಯಿಯನ್ನು ಮರುದಿನವೇ ಆವರಣದಿಂದ ಹೊರಗಿಡತಕ್ಕದ್ದು.”

ಕನ್ನಡ ಸೊಗಸಾಗಿದೆಯಲ್ಲವೇ? ಇರಲೇಬೇಕು. ಬರೆದವರು ಸ್ವತಃ ವೆಂಕಟರಾಮಯ್ಯನವರು. ಸಹಕಾರಿ ಬ್ಯಾಂಕೊಂದರಲ್ಲಿ ಸೇವೆಯುದ್ದಕ್ಕೂ ಸುತ್ತೋಲೆಗಳನ್ನೇ ಕರಡು ಮಾಡಿ ನಿವೃತ್ತರಾದವರು ಅವರು. ಹಿಂದಿನ ವರ್ಷ ಮೂರನೇ ಮಹಡಿಯ ಪೊಮೆರೇನಿಯನ್ ನಾಯಿಯೊಂದು ಲಿಫ್ಟಿನಲ್ಲಿ ಅಚಾತುರ್ಯ ಮಾಡಿದಾಗ ಸಂಘ ಇವರನ್ನೇ ಮೊರೆಹೊಕ್ಕಿತ್ತು. ‘ಸರ್ವ ಹವಾಮಾನಗಳಲ್ಲಿಯೂ’ ಎಂಬ ಪದ ಹೊಳೆದ ಬೆಳಿಗ್ಗೆ ಅವರು ಇನ್ನೊಂದು ಲೋಟ ಕಾಫಿ ಕೇಳಿ ಕುಡಿದಿದ್ದರು. ಪೊಮೆರೇನಿಯನ್ ಕುಟುಂಬ ಸಮೇತ ಆರ್.ಟಿ. ನಗರಕ್ಕೆ ಹೋಯಿತು. ನಿಯಮ ಇಲ್ಲೇ ಉಳಿಯಿತು.

ಗೊತ್ತುಪಡಿಸಿದ ಸ್ಥಳದ ಬಗ್ಗೆಯೂ ಎರಡು ಮಾತು ಹೇಳಬೇಕು. ಅದರ ಹೆಸರು ‘ಶ್ವಾನ ಶೌಚ ಪ್ರಾಂಗಣ’. ಕಾರ್ಯದರ್ಶಿ ಸತೀಶ್ ಅದಕ್ಕೆ ಅತ್ಯಂತ ಪಾರದರ್ಶಕವಾಗಿ ಮೂರು ಕೊಟೇಶನ್ ಕರೆದಿದ್ದರು. ಮಹೇಂದ್ರ ಎಂಟರ್‌ಪ್ರೈಸಸ್, ಮಹೇಂದ್ರ ಅಂಡ್ ಕೋ, ರಾಣಿ ಕನ್‌ಸ್ಟ್ರಕ್ಷನ್ಸ್, ಈ ಮೂರರ ನಡುವೆ ತೀವ್ರ ಪೈಪೋಟಿ ನಡೆಯಿತು. ಮಹೇಂದ್ರ ಸತೀಶರ ಬಾಮೈದ. ರಾಣಿ ಮಹೇಂದ್ರನ ಹೆಂಡತಿ. ಯಾರು ಗೆದ್ದರೂ ಕುಟುಂಬದಲ್ಲಿ ಮನಸ್ತಾಪ ಬರಲಿಲ್ಲ ಎಂಬುದು ಸಮಾಧಾನದ ಸಂಗತಿ. ಪ್ರಾಂಗಣಕ್ಕೆ ಕಮಾನು ಬಂತು, ಪ್ಲಾಸ್ಟಿಕ್ ಹುಲ್ಲು ಬಂತು, ಆಳೆತ್ತರದ ಗ್ರಾನೈಟ್ ಉದ್ಘಾಟನಾ ಕಲ್ಲು ಬಂತು. ಕಲ್ಲಿನ ಮೇಲೆ ಅಧ್ಯಕ್ಷ ಮಹಾಲಿಂಗಪ್ಪನವರ ಹೆಸರು ಚಿನ್ನದ ಬಣ್ಣದಲ್ಲಿ ಬಂತು. ಮೇಲ್ಛಾವಣಿ ಮಾತ್ರ ಬರಲಿಲ್ಲ.

“ಅದು ಫೇಸ್ ಟೂ ಸರ್,” ಅಂದಿದ್ದರು ಸತೀಶ್.

ಸಾಸಿವೆ ಬಂದದ್ದು ದೀಪಾವಳಿಯ ಮಾರನೇ ದಿನ. ಆಮೇಲೆ ಬಂಗಾಳಕೊಲ್ಲಿಯಲ್ಲಿ ಅದೇನೋ ವಾಯುಭಾರ ಕುಸಿಯಿತು ನೋಡಿ, ಯಲಹಂಕದ ಮೇಲೆ ಸೂರ್ಯನೇ ಕಾಣಲಿಲ್ಲ. ವೆಂಕಟರಾಮಯ್ಯನವರು ತಪ್ಪದೆ ಮರಿಯನ್ನು ಕೆಳಗಿಳಿಸಿದರು. ನಿದ್ದೆಯಿಂದ ಎದ್ದೊಡನೆ ಒಂದು ಸಲ, ಹಾಲು ಕುಡಿದೊಡನೆ ಒಂದು ಸಲ. ಕೃಷ್ಣಮ್ಮನವರು ಹಳೆಯ ಮಂಕಿ ಕ್ಯಾಪ್ ಕತ್ತರಿಸಿ ಅದಕ್ಕೊಂದು ಸ್ವೆಟರ್ ಮಾಡಿಕೊಟ್ಟರು. ಸಾಸಿವೆ ಸ್ವೆಟರ್ ತೊಟ್ಟು ಪ್ರಾಂಗಣಕ್ಕೆ ಬಂದು, ನೀರು ನಿಂತ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಒಂದು ಕಾಲಿಟ್ಟು, ದೊಡ್ಡ ಸಾಹೇಬರು ಸಣ್ಣ ಫೈಲು ಮುಟ್ಟಿದ ಹಾಗೆ ಆ ಕಾಲನ್ನು ಹಿಂದಕ್ಕೆ ತೆಗೆದು, ಯಜಮಾನರ ಮುಖ ನೋಡುತ್ತಿತ್ತು. ‘ಇಲ್ಲಿ? ಈ ಮಳೆಯಲ್ಲಿ? ನೀವು ಮಾಡ್ತೀರಾ?’ ಅನ್ನುವ ನೋಟ. ಆಮೇಲೆ ಲಿಫ್ಟಿನಲ್ಲಿ ಸಭ್ಯವಾಗಿ ಮೇಲೆ ಬಂದು, ಬಾಗಿಲಲ್ಲಿ ‘ಸುಸ್ವಾಗತ’ ಎಂದು ಬರೆದ ಬೆಚ್ಚಗಿನ ಕಾಲೊರೆಸಿನ ಮೇಲೆ ಧಾರಾಳವಾಗಿ ಮಾಡುತ್ತಿತ್ತು. ಒಂದು ದಿನ ಲಿಫ್ಟು ತಪ್ಪಿ ಎರಡನೇ ಮಹಡಿಯಲ್ಲಿ ನಿಂತಿತು. ಆ ಕಾಲೊರೆಸು ಸತೀಶರದಾಗಿತ್ತು.

ಮರುದಿನವೇ ಲಿಫ್ಟಿನ ಪಕ್ಕ ಪ್ರಕಟಣೆ ಅಂಟಿಕೊಂಡಿತು. “ಸಾಸಿವೆ ಎಂಬ ಹೆಸರಿನ ನಾಯಿಯ ಸರ್ವ ಹವಾಮಾನ ಪರೀಕ್ಷೆಯನ್ನು ದಿನಾಂಕ 18ರ ಶನಿವಾರ ನಡೆಸಲು ಉದ್ದೇಶಿಸಲಾಗಿತ್ತು. ಅಂದು ಅಮಾವಾಸ್ಯೆಯಾಗಿರುವುದನ್ನು ಅಧ್ಯಕ್ಷರು ಗಮನಿಸಿರುವುದರಿಂದ, ಕಡೆಯ ಗಡುವಾದ ಭಾನುವಾರ ಮಧ್ಯಾಹ್ನ, ರಾಹುಕಾಲಕ್ಕೆ ಮುಂಚಿತವಾಗಿ ಮುಗಿಸಲಾಗುವುದು. ತಪಾಸಣೆ ಮುಗಿಯುವವರೆಗೆ ಸಮಿತಿಯ ಮೂವರು ಸದಸ್ಯರೂ ಪ್ರಾಂಗಣದಲ್ಲಿಯೇ ಇರತಕ್ಕದ್ದು. ಒಬ್ಬರು ಹೊರನಡೆದರೂ ಕೋರಂ ಮುರಿದು ನಾಯಿ ಅನುತ್ತೀರ್ಣವಾದಂತೆಯೇ.”

ಹಾಗೆ ನೆರೆದ ಮೂವರಲ್ಲಿ ಒಬ್ಬರು ಮಹಾಲಿಂಗಪ್ಪನವರು, ಇನ್ನೊಬ್ಬರು ಸತೀಶ್. ಮೂರನೆಯವರು ಮುನಿಕೆಂಪಮ್ಮ. ಅಪಾರ್ಟ್‌ಮೆಂಟು ನಿಂತಿರುವುದು ಅವರ ಮನೆತನದ ಹೊಲದಲ್ಲಿ. ಒಪ್ಪಂದದ ಪ್ರಕಾರ ಜಾಗದವರಿಗೆ ಸಮಿತಿಯಲ್ಲಿ ಒಂದು ಖಾಯಂ ಕುರ್ಚಿ. ಆಕೆ ಆ ಕುರ್ಚಿಯನ್ನು ಅಕ್ಷರಶಃ ಹೊತ್ತು ತಂದು, ಕಮಾನಿನ ಕೆಳಗೆ ಹಾಕಿಕೊಂಡು, ಕಂಬಳಿ ಹೊದ್ದು, ಎಲೆಯಡಿಕೆ ಮೆಲ್ಲುತ್ತಾ ಕೂತರು. ಅರ್ಜಿದಾರರಾಗಿ ವೆಂಕಟರಾಮಯ್ಯನವರು ಮರಿಯ ಹಗ್ಗ ಹಿಡಿದು ನಿಂತರು.

ಅರ್ಧ ಗಂಟೆಯಾದರೂ ಸಾಸಿವೆ ಕದಲಲಿಲ್ಲ. ವೆಂಕಟರಾಮಯ್ಯನವರಿಗೆ ತಮ್ಮ ತಾಯಿ, ಅತ್ತೆ, ಅಜ್ಜಿ ಎಲ್ಲರೂ ಎಳೆಮಕ್ಕಳನ್ನು ಬಚ್ಚಲಲ್ಲಿ ಎತ್ತಿ ಹಿಡಿದು ಮಾಡುತ್ತಿದ್ದ ಸದ್ದು ನೆನಪಾಯಿತು. ತುಟಿ ಚೂಪು ಮಾಡಿ ‘ಸ್ಸ್‌ಸ್‌ಸ್‌’ ಅಂದರು. ಸಾಸಿವೆ ಕಿವಿ ನಿಮಿರಿಸಿತು.

“ಹಾಂ, ರೆಸ್ಪಾನ್ಸ್ ಇದೆ!” ಅಂದರು ಸತೀಶ್. “ಸರ್, ನಾವೂ ಸೇರೋಣ್ವಾ?”

“ನಿಯಮದಲ್ಲಿ ಅವಕಾಶ ಇದೆಯೇನ್ರೀ?” ಮಹಾಲಿಂಗಪ್ಪನವರು ಕೇಳಿದರು.

“ನಿಷೇಧ ಇಲ್ಲ ಸರ್,” ಅಂದರು, ನಿಯಮ ಬರೆದ ವೆಂಕಟರಾಮಯ್ಯನವರು.

ಮೂವರೂ ಶುರು ಮಾಡಿದರು. ಮೇಲಿನಿಂದ ಮಳೆ, ಪಕ್ಕದಿಂದ ಕೆರೆಯ ಗಾಳಿ, ಕಿವಿಯಲ್ಲಿ ಎಡೆಬಿಡದೆ ‘ಸ್ಸ್‌ಸ್‌ಸ್‌’.

“ಏನ್ರಪ್ಪಾ,” ಮುನಿಕೆಂಪಮ್ಮ ಎಲೆ ಉಗಿದು ಕೇಳಿದರು, “ಆ ಕೂಸು ಉಯ್ಯಾಕಿಲ್ಲ ಅಂತದೆ. ನೀವ್ಯಾಕೆ ಇಂಗೆ ಬುಸುಗುಟ್ಕಂಡು ನಿಂತಿದ್ದೀರಿ? ಇದು ರಾಗಿ ಒಲ ಆಗಿದ್ದಾಗ ನಾಯಿ, ದನ, ಮನ್ಸ ಯಾರೂ ಯಾರ್ನೂ ಕೇಳ್ತಿರಲಿಲ್ಲ. ನಿಮ್ ಕಮಾನು ಬಂತು ನೋಡು, ಎಲ್ಲಾರ್ಗೂ ಕಟ್ಟೋಯ್ತು.”

“ಅಜ್ಜೀ, ಇದು ಟೆಕ್ನಿಕಲ್ ವಿಷ್ಯ,” ಅಂದರು ಸತೀಶ್.

ಸದ್ದಿನಲ್ಲಿ ಶಕ್ತಿ ಇರುವುದು ನಿಜ. ಅದು ಕೆಲಸ ಮಾಡತೊಡಗಿತು. ಆದರೆ ಮರಿಯ ಮೇಲಲ್ಲ. ಮಹಾಲಿಂಗಪ್ಪನವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ವಯಸ್ಸು ಎಪ್ಪತ್ತರ ಹತ್ತಿರ, ಸಕ್ಕರೆ ಕಾಯಿಲೆ ಬೇರೆ.

“ಸತೀಶ್, ನಾನೊಂದು ನಿಮಿಷ ಮೇಲೆ ಹೋಗ್ಬರ್ತೀನಿ.”

“ಸರ್, ಕೋರಂ ಸರ್! ನೀವು ಹೋದ್ರೆ ಪ್ರೊಸೀಜರ್ ಲ್ಯಾಪ್ಸ್ ಆಗತ್ತೆ.”

“ನಾನು ಹೋಗದಿದ್ರೂ ಒಂದು ಲ್ಯಾಪ್ಸ್ ಆಗತ್ತೆ ಕಣಯ್ಯಾ!”

ವೆಂಕಟರಾಮಯ್ಯನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅಧ್ಯಕ್ಷರು ಕಮಾನು ದಾಟಿದರೆ ಸಾಸಿವೆ ನಾಳೆ ಬೆಳಿಗ್ಗೆ ಟೊಮೆಟೊ ಕ್ರೇಟಿನಲ್ಲಿ ವಾಪಸ್ಸು, ಕೃಷ್ಣಮ್ಮ ಮಂಚಕ್ಕೆ ವಾಪಸ್ಸು. ಮೇಲೆ ನೋಡಿದರು. ಒಂದನೇ ಮಹಡಿಯ ಬಾಲ್ಕನಿಯಲ್ಲಿ ಕೃಷ್ಣಮ್ಮನವರು ಟವೆಲ್ ಎದೆಗವುಚಿಕೊಂಡು, ಪರೀಕ್ಷೆ ಬರೆಯುವ ಮಗುವಿನ ತಾಯಿಯ ಹಾಗೆ ಇಣುಕುತ್ತಿದ್ದರು. ಆ ಕ್ಷಣದಲ್ಲಿ ಸುತ್ತೋಲೆಗಳ ಅಷ್ಟೂ ವರ್ಷದ ಸಾಧನೆ ಅವರ ನಾಲಿಗೆಗೆ ಬಂತು.

“ಸರ್, ಪ್ರಕಟಣೆಯಲ್ಲಿ ಇರೋದು ‘ಪ್ರಾಂಗಣದಲ್ಲಿಯೇ ಇರತಕ್ಕದ್ದು’ ಅಂತ. ಯಾವ ಭಂಗಿಯಲ್ಲಿ, ಯಾವ ಕಾರ್ಯನಿಮಿತ್ತ ಅಂತ ಇಲ್ಲ. ಉದ್ಘಾಟನಾ ಕಲ್ಲು ಪ್ರಾಂಗಣದೊಳಗೇ ಇದೆ. ಕಲ್ಲಿನ ಹಿಂದೂ ಪ್ರಾಂಗಣವೇ. ಕಲ್ಲು ಆಳೆತ್ತರ ಇದೆ.”

ಮಹಾಲಿಂಗಪ್ಪನವರು ಕಲ್ಲನ್ನು ನೋಡಿದರು. ಚಿನ್ನದ ಬಣ್ಣದ ತಮ್ಮ ಹೆಸರನ್ನು ನೋಡಿದರು. ಗಡಿಯಾರ ನೋಡಿದರು, ರಾಹುಕಾಲ ಹತ್ತಿರವಾಗಿತ್ತು.

“ರೆಕಾರ್ಡ್‌ನಲ್ಲಿ ನಾನು ಹಾಜರು ಅಂತಲೇ ಇರಲಿ,” ಎಂದು ಹೇಳಿ ಗಂಭೀರವಾಗಿ ಕಲ್ಲಿನ ಹಿಂದಕ್ಕೆ ನಡೆದರು. ಕೊಡೆ ಮಾತ್ರ ಕಲ್ಲಿನ ಮೇಲೆ ಕಾಣುತ್ತಿತ್ತು.

ಸಾಸಿವೆ ಎದ್ದು ನಿಂತಿತು. ಹಗ್ಗ ಜಗ್ಗಿತು. ವೆಂಕಟರಾಮಯ್ಯನವರು ಬಿಟ್ಟುಕೊಟ್ಟರು. ಅದು ಪುಟುಪುಟು ಓಡಿ ಕಲ್ಲಿನ ಅಂಚಿಗೆ ಹೋಗಿ, ಕೊಡೆಯ ನೆರಳಿಗೆ ಸೇರಿ, ಒಮ್ಮೆ ಅಧ್ಯಕ್ಷರನ್ನು ತಲೆಯೆತ್ತಿ ನೋಡಿ, ತಾನೂ ಕುಕ್ಕರಿಸಿತು.

“ಆಯ್ತು! ಆಯ್ತು!” ಎಂದು ವೆಂಕಟರಾಮಯ್ಯನವರು ಕುಣಿದರು. ಜೇಬಿನಿಂದ ಬಹುಮಾನದ ಮಾರಿ ಬಿಸ್ಕತ್ತು ತೆಗೆದರು.

ಸತೀಶ್ ಅಷ್ಟು ಸುಲಭಕ್ಕೆ ಬಿಡುವವರಲ್ಲ. “ಒಂದು ನಿಮಿಷ. ಎವಿಡೆನ್ಸ್ ಏನು? ಮಳೆ ನೀರು ಇದೆ, ಅಧ್ಯಕ್ಷರದ್ದೂ ಇದೆ. ಯಾವುದು ಯಾರದು ಅಂತ ಹೇಗೆ ಬರೆಯೋದು?”

“ನಾ ನೋಡ್ದೆ,” ಅಂದರು ಮುನಿಕೆಂಪಮ್ಮ. “ಮರಿ ಬಾಲ ಈಚೆಗೇ ಇತ್ತು. ಇಬ್ರೂ ಉಯ್ದ್ರು. ಮರಿ ಬಿರ್‍ರನೆ ಉಯ್ತು, ಅದ್ಯಕ್ಸರು ವಸಿ ತಡ ಮಾಡಿದ್ರು. ಬರ್ಕೋ.”

ಸತೀಶ್ ಬರೆದುಕೊಂಡರು. ಆದರೆ ‘ಸ್ವಇಚ್ಛೆಯಿಂದ’ ಎಂಬ ಪದ ಉಳಿದಿತ್ತು. ನಾಯಿ ತಾನಾಗಿ ಮಾಡಿತೇ, ನೋಡಿ ಕಲಿತು ಮಾಡಿತೇ? ಕಲ್ಲಿನ ಹಿಂದಿನಿಂದ ಬಂದ ಮಹಾಲಿಂಗಪ್ಪನವರ ಮುಖದಲ್ಲಿ ಈಗ ದೊಡ್ಡ ಶಾಂತಿ ಇತ್ತು. ಅವರೇ ವಾಕ್ಯ ಹೇಳಿ ಬರೆಸಿದರು: “ಮಾನ್ಯ ಅಧ್ಯಕ್ಷರು ಪ್ರಾತ್ಯಕ್ಷಿಕೆ ನೀಡಿದ ತರುವಾಯ, ಸದರಿ ನಾಯಿಯು ಸ್ವಇಚ್ಛೆಯಿಂದ, ತೃಪ್ತಿಕರವಾಗಿ ವಿಸರ್ಜಿಸಿತು.” ರಾಹುಕಾಲಕ್ಕೆ ಮೊದಲೇ ಮೂರೂ ಸಹಿ ಬಿದ್ದವು. ಮುನಿಕೆಂಪಮ್ಮನವರದು ಹೆಬ್ಬೆಟ್ಟು.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ “ಎಲ್ಲಿ ನನ್ ಬಂಗಾರ, ನೆನೆದು ತೊಪ್ಪೆ ಆಗಿರತ್ತೆ” ಎನ್ನುತ್ತಾ ಟವೆಲ್ ಹಿಡಿದು ಕೃಷ್ಣಮ್ಮನವರು ಬಂದರು. ಲಿಫ್ಟಿಗೆ ಕಾಯದೆ ಇಳಿದು ಬಂದಿದ್ದರು. ವಾಕರ್ ಮೇಲೆಯೇ ಉಳಿದಿತ್ತು. ಈ ಅಂಶ ಸಭೆಯ ನಡಾವಳಿಯಲ್ಲಿ ಎಲ್ಲೂ ದಾಖಲಾಗಿಲ್ಲ.

ಮುಂದಿನದ್ದು ಸಹಜವಾಗಿಯೇ ನಡೆಯಿತು. ಒಮ್ಮೆ ಆದದ್ದು ಪೂರ್ವನಿದರ್ಶನ, ಪೂರ್ವನಿದರ್ಶನ ಮೀರಲಾಗದು. ಹದಿನಾಲ್ಕನೇ ನಿಯಮಕ್ಕೆ ತಿದ್ದುಪಡಿ ಬಂತು: ಹೊಸ ನಾಯಿಮರಿ ಬಂದಾಗಲೆಲ್ಲ ಅಧ್ಯಕ್ಷರು ಖುದ್ದು ಪ್ರಾತ್ಯಕ್ಷಿಕೆ ನೀಡತಕ್ಕದ್ದು. ಕರಡು ವೆಂಕಟರಾಮಯ್ಯನವರದೇ. ಪ್ರಾತ್ಯಕ್ಷಿಕೆ ಶುಲ್ಕವನ್ನು ಜಿಎಸ್‌ಟಿ ಸಹಿತ ನಿಗದಿ ಮಾಡಲಾಯಿತು. ಡಿಸೆಂಬರಿನಲ್ಲಿ ನಾಲ್ಕನೇ ಮಹಡಿಗೆ ಲ್ಯಾಬ್ರಡಾರ್ ಬಂದಾಗ ಮನೆಯವರು ಮುಂಗಡ ಅರ್ಜಿ ಕೊಟ್ಟರು. ಮಹಾಲಿಂಗಪ್ಪನವರು ಎರಡು ಎಳನೀರು ಕುಡಿದು, ಶಾಲು ಹೊದ್ದು ಬಂದು, ಮೊದಲ ಯತ್ನದಲ್ಲೇ ಮರಿಯನ್ನು ಪಾಸು ಮಾಡಿಸಿದರು. ಫೇಸ್ ಟೂ ಕೂಡ ಮಂಜೂರಾಯಿತು. ಮೂರು ಕೊಟೇಶನ್ನುಗಳಲ್ಲಿ ಈ ಸಲ ಗೆದ್ದದ್ದು ರಾಣಿ ಕನ್‌ಸ್ಟ್ರಕ್ಷನ್ಸ್. ಮೇಲ್ಛಾವಣಿ ಬಂತು, ಕಲ್ಲಿನ ಹಿಂದೆ, ಒಬ್ಬರು ನಿಲ್ಲುವಷ್ಟು ಅಗಲಕ್ಕೆ. ನಾಯಿಗಳು ಎಂದಿನಂತೆ ಮಳೆಯಲ್ಲೇ ನಿಲ್ಲುತ್ತವೆ, ಯಾರೂ ಆಕ್ಷೇಪಿಸಿಲ್ಲ. ಮರುವರ್ಷದ ಚುನಾವಣೆಯಲ್ಲಿ ನಲವತ್ತು ವರ್ಷದ ಆರೋಗ್ಯವಂತನೊಬ್ಬ ಅಧ್ಯಕ್ಷಗಿರಿಗೆ ನಿಂತಾಗ, “ಆ ಹುಡುಗನಿಂದ ಹೇಳಿದ ಹೊತ್ತಿಗೆ ಆಗತ್ತೇನ್ರೀ?” ಎಂದು ಎಲ್ಲರೂ ನ್ಯಾಯವಾಗಿಯೇ ಕೇಳಿ, ಮಹಾಲಿಂಗಪ್ಪನವರನ್ನೇ ಭಾರಿ ಬಹುಮತದಿಂದ ಆರಿಸಿದರು.

ಆಮೇಲೆ ಸತೀಶ್ ಮೊಬೈಲಿನಲ್ಲಿ ನೋಡಿ ಒಂದು ಸಂಗತಿ ಪತ್ತೆ ಮಾಡಿದರು: ಸಾಸಿವೆಯ ಪರೀಕ್ಷೆ ನಡೆದ ದಿನವನ್ನು ಲೋಕದಾದ್ಯಂತ ‘ವಿಶ್ವ ಶೌಚಾಲಯ ದಿನ’ ಎಂದು ಆಚರಿಸುತ್ತಾರಂತೆ. ಅದಕ್ಕೆಂದೇ ತಾವು ತಪಾಸಣೆಯನ್ನು ಅಂದಿಗೆ ಇಟ್ಟಿದ್ದಾಗಿ ಅವರು ವಾರ್ಷಿಕ ಸಭೆಯಲ್ಲಿ ತಿಳಿಸಿದರು. ಅಮಾವಾಸ್ಯೆಯ ಮಾತನ್ನು ಯಾರೂ ಎತ್ತಲಿಲ್ಲ, ಚಪ್ಪಾಳೆ ತಟ್ಟಿದರು. ಕಲ್ಲಿನ ಮೇಲೆ, ಅಧ್ಯಕ್ಷರ ಹೆಸರಿನ ಕೆಳಗೆ, ಮಹೇಂದ್ರನ ಕಡೆಯವರು ಹೊಸದಾಗಿ ಕೆತ್ತಿದ್ದಾರೆ, ಹೋದರೆ ನೋಡಬಹುದು: 2017ನೇ ಇಸವಿ ನವೆಂಬರ್ 19, ಭಾನುವಾರ.