ನಾನು ವಿಷ ಹಾಕಿದ ಪಾಯಸ

ದೇವರು ಕೆಲವರಿಗೆ ನಗುವ ಮುಖ ಕೊಡುತ್ತಾನೆ, ಕೆಲವರಿಗೆ ಅಳುವ ಮುಖ ಕೊಡುತ್ತಾನೆ. ನನಗೆ ಕೊಟ್ಟದ್ದು ಬೈಯುವ ಮುಖ. ನಾನು ಜಗಲಿಯಲ್ಲಿ ಕುಳಿತು ಬಸ್ಸು ಹೋಯಿತೋ ಇಲ್ಲವೋ ಎಂದು ಸುಮ್ಮನೆ ಯೋಚಿಸುತ್ತಿದ್ದರೂ ದಾರಿಯಲ್ಲಿ ಹೋಗುವವರು, "ಎಂತ ಕಮಲಕ್ಕ, ಯಾರ ಮೇಲೆ ಕೋಪ?" ಎಂದು ಕೇಳುತ್ತಾರೆ. ಹೆಣ್ಣು ನೋಡಲು ಬಂದ ದಿನ ನನ್ನ ಗಂಡನಾಗುವವರು ನನ್ನ ಮುಖ ನೋಡಿ ಹೆದರಿ, ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ. ಧೈರ್ಯ ಬರಲು ಅಷ್ಟು ಸಮಯ ಹಿಡಿಯಿತು. ಈಗ ಅವರಿಲ್ಲ. ಇದ್ದಿದ್ದರೆ ಈ ಮುಖ ನನಗೆ ತಂದುಕೊಟ್ಟ ಹೆಸರನ್ನೂ ಅದರ ಹಿಂದೆಯೇ ಬಂದ ಅವಮಾನವನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನು ಬೇರೆ ಕಡೆ ತಿರುಗಿದಾಗ.

ನಾನು ಓದಿದ್ದು ಮೂರನೇ ಕ್ಲಾಸು. ಬರೆಯಲು ನನಗೆ ತುಂಬ ಹೊತ್ತು ಹಿಡಿಯುತ್ತದೆ, ಹಾಗಾಗಿ ಸುಳ್ಳು ಬರೆಯುವಷ್ಟು ಪುರುಸೊತ್ತು ಇಲ್ಲ. ಸವಣೂರಿನ ಹತ್ತಿರದ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು ನಾನು. ಒಂದು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಸಂಜೀವಣ್ಣನ ತುಳು ನಾಟಕ ತಂಡ ಬಂದಿತ್ತು. ಅವರ ತಂಡದಲ್ಲಿ ದುಷ್ಟ ಅತ್ತೆಯ ಪಾತ್ರ ಮಾಡುತ್ತಿದ್ದವನು ಒಬ್ಬ ಗಂಡಸು. ಸೀರೆ ಉಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಂತೆ. ಆದರೆ ಆ ವರ್ಷ ಅವನು ಶಬರಿಮಲೆಗೆ ಮಾಲೆ ಹಾಕಿಬಿಟ್ಟಿದ್ದ. ಮಾಲೆ ಇಳಿಸುವ ತನಕ ಗಡ್ಡ ತೆಗೆಯುವ ಹಾಗಿಲ್ಲ. ಗಡ್ಡದ ಅತ್ತೆಯನ್ನು ರಂಗದ ಮೇಲೆ ತರುವುದು ಹೇಗೆ ಎಂದು ಸಂಜೀವಣ್ಣ ನನ್ನ ಅಡುಗೆ ಕೋಣೆಯ ಮೆಟ್ಟಿಲಲ್ಲಿ ತಲೆಗೆ ಕೈಕೊಟ್ಟು ಕುಳಿತಿದ್ದರು. ಅದೇ ಹೊತ್ತಿಗೆ ಗ್ಯಾಸಿನವನು ಸಿಲಿಂಡರನ್ನು ದಡಕ್ಕನೆ ನೆಲಕ್ಕೆ ಹಾಕಿದ. ನಾನು ಅವನಿಗೆ ನಾಲ್ಕು ಮಾತು ಹೇಳಿದೆ. ನಾಲ್ಕು ಎಂದರೆ ಸ್ವಲ್ಪ ಹೆಚ್ಚೇ ಆಗಿರಬಹುದು. ಅವನು ಹೋದ ಮೇಲೆ ನೋಡಿದರೆ ಸಂಜೀವಣ್ಣನ ಕಣ್ಣಿನಲ್ಲಿ ಬೆಳಕು.

"ಕಮಲಕ್ಕ, ಇದನ್ನೇ ಇವತ್ತು ಸಂಜೆ ಒಬ್ಬಳು ಸೊಸೆಗೆ ಹೇಳ್ತೀರಾ?"

"ಹೇಳುದಕ್ಕೆ ಏನು? ಅವಳು ಎಂತ ಮಾಡಿದ್ದು?"

"ಎಂತದೂ ಮಾಡ್ಲಿಲ್ಲ ಮಾರಾಯ್ರೆ. ಅದೇ ನಾಟಕ."

ಹಾಗೆ ಶುರುವಾದದ್ದು. ಮಾತುಗಳನ್ನು ಸಂಜೀವಣ್ಣ ಓದಿ ಹೇಳುವುದು, ನಾನು ಕೇಳಿ ನೆನಪಿಟ್ಟುಕೊಳ್ಳುವುದು. ನೂರು ಮಕ್ಕಳಿಗೆ ಎಷ್ಟು ಬೇಳೆ, ಇನ್ನೂರಕ್ಕೆ ಎಷ್ಟು ಎಂದು ತಲೆಯಲ್ಲಿ ಇಟ್ಟುಕೊಂಡವಳಿಗೆ ಒಬ್ಬಳು ಸೊಸೆಯನ್ನು ಬೈಯುವ ಮಾತು ಯಾವ ಲೆಕ್ಕ? ಅತ್ತೆಯಾದೆ, ಮೈದುನನ ಮಕ್ಕಳ ಜಾಗ ನುಂಗುವ ದೊಡ್ಡಮ್ಮನಾದೆ, ಗಂಡುಮಕ್ಕಳ ಕಿವಿ ಹಿಂಡುವ ಹಾಸ್ಟೆಲಿನ ಹೆಂಗಸಾದೆ. ಒಂದು ತುಳು ಸಿನಿಮಾದಲ್ಲಿ ಎರಡು ನಿಮಿಷ ಬಂದು ಕುರುಡನ ಕೋಲು ಕಿತ್ತುಕೊಂಡೆ. ಒಳ್ಳೆಯವಳ ಪಾತ್ರ ಒಂದೇ ಒಂದು ಸಲ ಸಿಕ್ಕಿದೆ. ಅರಂತೋಡಿನಲ್ಲಿ, ಮಗಳನ್ನು ಹರಸುವ ತಾಯಿ. ನಾನು ಮಗಳ ತಲೆಯ ಮೇಲೆ ಕೈ ಇಟ್ಟ ಕೂಡಲೇ ಜನ ಉಸಿರು ಬಿಗಿ ಹಿಡಿದರು, ಇವಳು ಈಗ ಜಡೆ ಎಳೆಯುತ್ತಾಳೆ ಎಂದು. ಎಳೆಯಲಿಲ್ಲ. ಕೊನೆಯ ತನಕ ಕಾದರು. ಪರದೆ ಬಿದ್ದ ಮೇಲೆ ಒಬ್ಬರು ಬಂದು, "ಎಂತ ಅಕ್ಕ, ಇವತ್ತು ಉಷಾರಿಲ್ವಾ?" ಎಂದು ಕೇಳಿದರು. ಆಮೇಲೆ ಸಂಜೀವಣ್ಣ ನನಗೆ ಒಳ್ಳೆಯ ಪಾತ್ರ ಕೊಡುವ ತಪ್ಪು ಮಾಡಲಿಲ್ಲ.

ಕೆಟ್ಟವಳಾಗುವುದರಲ್ಲಿ ಸುಖವೂ ಉಂಟು. ಉಪ್ಪಿನಂಗಡಿಯಲ್ಲಿ ಬಸ್ಸು ಹತ್ತಿದರೆ ನನಗೆ ಕಿಟಕಿಯ ಸೀಟು ಬಿಟ್ಟುಕೊಡುತ್ತಾರೆ, ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ಚೀಲಕ್ಕೂ ಒಂದು ಸೀಟು. ಪುತ್ತೂರಿನಲ್ಲಿ ಇಂಜೆಕ್ಷನ್ ಚುಚ್ಚುವ ನರ್ಸು ನನ್ನ ಮುಖ ನೋಡಿ, "ಅಮ್ಮ, ನಿಮಗೂ ನೋವಾಗ್ತದಾ?" ಎಂದು ಕೇಳಿದಳು. ಕಡಬದಲ್ಲಿ ಮಾತ್ರ ಒಬ್ಬಳು ಮುದುಕಿ ಪೇಟೆಯ ನಡುವೆ ಕೊಡೆಯ ಹಿಡಿಯಿಂದ ನನ್ನ ಬೆನ್ನಿಗೆ ಕುಟ್ಟಿ, "ಆ ಹುಡುಗಿಯ ಕಣ್ಣೀರು ನಿಂಗೆ ತಟ್ಟದೆ ಇರ್ತದಾ?" ಎಂದಳು. ಪೆಟ್ಟು ಬಲವಾಗಿಯೇ ಬಿದ್ದಿತ್ತು. ಸಂಜೀವಣ್ಣನಿಗೆ ಹೇಳಿದರೆ, "ಅದು ಪೆಟ್ಟಲ್ಲ ಕಮಲಕ್ಕ, ಪ್ರಶಸ್ತಿ" ಎಂದರು. ಅವರ ಬೆನ್ನಲ್ಲವಲ್ಲ.

ಇಷ್ಟರ ತನಕ ನನಗೇನೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಪಾಯಸದ ನಾಟಕದಿಂದ. ಅದರಲ್ಲಿ ಅತ್ತೆ ಸೊಸೆಗೆ ಪಾಯಸ ಕೊಡುತ್ತಾಳೆ. ಸೊಸೆಗೆ ಸಂಶಯ ಬರಬಾರದೆಂದು ಮೊದಲು ತಾನೇ ಒಂದು ಗುಟುಕು ಕುಡಿಯುತ್ತಾಳೆ. ಆಮೇಲೆ ಸೊಸೆ ಅತ್ತ ತಿರುಗಿದಾಗ ಸೆರಗಿನ ಗಂಟು ಬಿಚ್ಚಿ ಒಂದು ಪುಡಿ ಹಾಕುತ್ತಾಳೆ. ಗಂಟು ಬಿಚ್ಚುವುದನ್ನು ನಾನು ಬಹಳ ನಿಧಾನವಾಗಿ ಮಾಡುತ್ತಿದ್ದೆ. ಅದು ನನ್ನದೇ ಉಪಾಯ. ಹೆಂಗಸರು, "ಕುಡಿಯಬೇಡ ಮಗಾ" ಎಂದು ಕುರ್ಚಿಯಿಂದ ಎದ್ದು ಕೂಗುತ್ತಿದ್ದರು. ಪುತ್ತೂರು, ಸುಳ್ಯ, ಕಡಬ ಎಲ್ಲ ಕಡೆ ಆಡಿದೆವು. ಆ ದೃಶ್ಯದ ತುಂಡನ್ನು ಜನ ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದರು. ನಾಟಕ ನೋಡದವರೂ ನನ್ನ ಸೆರಗು ನೋಡಿದರು.

ಈಗ ನಮ್ಮ ಊರಿನ ಒಂದು ಕ್ರಮ ಹೇಳಬೇಕು. ಒಂದು ಮನೆಯಲ್ಲಿ ಕಾರ್ಯಕ್ರಮ ಎಂದಾದರೆ ಹಿಂದಿನ ದಿನವೇ ನೆರೆಕರೆಯವರು ಸೇರುತ್ತೇವೆ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು. ಯಾರೂ ಯಾರಿಗೂ ಕೆಲಸ ಹಂಚುವುದಿಲ್ಲ, ಯಾರ ಕೈ ಯಾವುದಕ್ಕೆ ಎಂದು ಊರಿಗೇ ಗೊತ್ತು. ಕಡ್ಲೆಬೇಳೆ ಪಾಯಸದ ಸೌಟು ನನ್ನದು. ಮಾಡುವುದೂ ನಾನೇ, ಮೊದಲ ಪಂಕ್ತಿಗೆ ಬಡಿಸುವುದೂ ನಾನೇ. ನನ್ನ ಮುಖವನ್ನು ಯಾರು ಏನು ಹೇಳಿದರೂ ನಾನು ತಲೆಬಿಸಿ ಮಾಡಿದವಳಲ್ಲ. ಆದರೆ ಆ ಸೌಟು ಹಿಡಿದು ಪಂಕ್ತಿಯ ನಡುವೆ ನಡೆಯುವಾಗ ಎಲ್ಲರೂ ತಲೆ ಎತ್ತಿ ಸಂತೋಷದಿಂದ ನೋಡುತ್ತಿದ್ದರಲ್ಲ, ಅದೊಂದು ನನಗೆ ಬೇಕಿತ್ತು.

ನಮ್ಮ ಬಳಿಯ ಒಂದು ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಪಾಯಸ ಒಳ್ಳೆಯದಾಗಿ ಬಂದಿತ್ತು. ಮೊದಲ ಪಂಕ್ತಿ ಕುಳಿತಿತು, ಸಾರು ಆಯಿತು, ನಾನು ಬಾಲ್ದಿ ಹಿಡಿದು ಹೊರಟೆ. ಹೊರಡುವ ಮೊದಲು ಬಾಯಿ ಚಪ್ಪೆ ಅನಿಸಿ, ಒಂದು ತುಂಡು ಅಡಿಕೆ ಹಾಕಿಕೊಳ್ಳೋಣ ಎಂದು ಸೆರಗಿನ ಗಂಟು ಬಿಚ್ಚಿದೆ. ನಾನು ಅಡಿಕೆ ಇಟ್ಟುಕೊಳ್ಳುವುದು ಅಲ್ಲೇ, ಮೊದಲಿನಿಂದಲೂ. ತಲೆ ಎತ್ತಿ ನೋಡಿದರೆ ಮೂವತ್ತು ಜನ ಮೂವತ್ತು ಎಲೆಯ ಮೇಲೆ ಅಡ್ಡ ಕೈ ಇಟ್ಟಿದ್ದರು. ಬೇಡ ಎನ್ನುವುದಕ್ಕೆ ನಮ್ಮಲ್ಲಿ ಹಾಗೆ ಕೈ ಅಡ್ಡ ಹಿಡಿಯುವುದು. ಒಬ್ಬರಿಗೆ ಶುಗರ್ ಅಂತೆ, ಒಬ್ಬರಿಗೆ ಹಲ್ಲುನೋವು, ಒಬ್ಬರಿಗೆ ವ್ರತ. ಅಷ್ಟು ಹೊತ್ತು ಹಪ್ಪಳ ಕಡಿಯುತ್ತಿದ್ದವರಿಗೆ ಎಲ್ಲಿಂದ ಬಂತು ಹಲ್ಲುನೋವು? ನಾನು ಸಿಟ್ಟಿನಿಂದ ಎಲ್ಲರ ಎದುರು ಒಂದು ಸೌಟು ಪಾಯಸ ಕೈಗೆ ಹಾಕಿ ಕುಡಿದು ತೋರಿಸಿದೆ. ಆಗ ಬೆಲ್ಲದಂಗಡಿಯ ಅಬ್ಬಾಸ್ ಬ್ಯಾರಿ, ನನಗೆ ಬೇಕಾದವರೇ, ಮೆಲ್ಲನೆ ಹೇಳಿದರು: "ಕಮಲಕ್ಕ, ನಾಟಕದಲ್ಲಿಯೂ ನೀವು ಮೊದಲು ಕುಡಿದೇ ಕೊಡುದಲ್ವಾ?"

ನಾನು ತುಂಬಿದ ಬಾಲ್ದಿಯನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋದೆ.

ಆ ದಿನ ನನ್ನ ಪಾಯಸ ಕುಡಿದದ್ದು ಒಬ್ಬಳೇ, ಪಕ್ಕದ ಮನೆಯ ಪುಷ್ಪಾವತಿ. ಎರಡು ಲೋಟ ಕುಡಿದು, "ಕೆಟ್ಟದು ಇರುದು ನಿಮ್ಮ ಮುಖದಲ್ಲಿ, ಪಾಯಸದಲ್ಲಿ ಅಲ್ಲ" ಎಂದಳು. ಇದನ್ನು ನಾನು ನೆನಪಿಟ್ಟುಕೊಳ್ಳಬೇಕಿತ್ತು. ಆದರೆ ಮುಂದಿನ ತಿಂಗಳ ನಾಮಕರಣಕ್ಕೆ ಹೋದಾಗ ಸೌಟು ಅದೇ ಪುಷ್ಪಾವತಿಯ ಕೈಯಲ್ಲಿತ್ತು, ನನ್ನ ಎದುರು ಒಂದು ರಾಶಿ ಮುಳ್ಳುಸೌತೆ ಇತ್ತು. ಅವಳು ತಲೆ ಓರೆ ಮಾಡಿ, ನಕ್ಕು, "ಒಂದೇ ಸೌಟು, ನನಗಾಗಿ" ಎಂದು ಬಡಿಸುತ್ತಾ ಹೋದಳು. ಜನ ಎರಡೆರಡು ಸಲ ಹಾಕಿಸಿಕೊಂಡರು. ಪಾಯಸ ನೀರಾಗಿತ್ತು. ಬೇಳೆ ಒಂದು ಕಡೆ, ಬೆಲ್ಲ ಒಂದು ಕಡೆ, ಒಂದಕ್ಕೊಂದು ಪರಿಚಯವೇ ಆಗಿರಲಿಲ್ಲ.

ನಾನು ಮರುದಿನವೇ ಸಂಜೀವಣ್ಣನಲ್ಲಿಗೆ ಹೋದೆ.

"ನಾಳೆಯಿಂದ ನಾನು ಪಾಯಸಕ್ಕೆ ವಿಷ ಹಾಕುದಿಲ್ಲ."

"ವಿಷ ಹಾಕದೆ ನಾಟಕ ಮುಗಿಯುದು ಹೇಗೆ?"

"ಅವಳು ಜ್ವರ ಬಂದು ಸಾಯಲಿ."

"ಜ್ವರ ನೋಡ್ಲಿಕ್ಕೆ ಟಿಕೆಟ್ ತೆಗೆದು ಯಾರು ಬರ್ತಾರೆ ಕಮಲಕ್ಕ?"

ಕೊನೆಗೆ ಅವರೇ ಒಂದು ದಾರಿ ಹೇಳಿದರು. ವಿಷ ಇರಲಿ, ಪಾಯಸವೂ ಇರಲಿ, ಆದರೆ ಹಾಕುವವಳು ಅತ್ತೆ ಅಲ್ಲ. ಅತ್ತೆಯ ಮಾತು ಕೇಳಿ ನೆರೆಮನೆಯ ಹೆಂಗಸು ಹಾಕಲಿ. ಆ ಪಾತ್ರಕ್ಕೆ ಸುಳ್ಯದಿಂದ ಒಬ್ಬಳು ಹುಡುಗಿಯನ್ನು ತಂದರು. ಚಂದದ ಹುಡುಗಿ, ಆದರೆ ವಿಷ ಹಾಕುವಾಗ ಸಾಂಬಾರಿಗೆ ಉಪ್ಪು ಹಾಕಿದ ಹಾಗೆ ಹಾಕುತ್ತಿದ್ದಳು. "ನೀವೇ ಕಲಿಸಿ" ಎಂದರು ಸಂಜೀವಣ್ಣ. ಕಲಿಸಿದೆ. ಸಿಟ್ಟು ಬೇಡ, ನಗಬೇಕು ಎಂದೆ. ತಲೆ ಓರೆ ಮಾಡು ಎಂದೆ. "ಒಂದೇ ಸೌಟು, ನನಗಾಗಿ" ಎಂದು ಹೇಳು ಎಂದೆ. ಅದು ಯಾರ ನಗು, ಯಾರ ಮಾತು ಎಂದು ಕಲಿಸುವಾಗ ನನಗೆ ಗೊತ್ತೇ ಆಗಲಿಲ್ಲ ಎಂದು ಬರೆಯಬಹುದು. ಆದರೆ ಸುಳ್ಳಿಗೆ ಪುರುಸೊತ್ತು ಇಲ್ಲ ಎಂದು ಮೊದಲೇ ಹೇಳಿದ್ದೇನೆ. ಗೊತ್ತಿತ್ತು.

ಹೊಸ ನಾಟಕ ಸವಣೂರಿನಲ್ಲೇ ಆಯಿತು. ಊರು ಇಡೀ ಬಂದಿತ್ತು. ಪುಷ್ಪಾವತಿಯೂ ಮುಂದಿನ ಸಾಲಿನಲ್ಲಿ ಕುಳಿತು, ಆ ಹುಡುಗಿಯನ್ನು ನೋಡಿ, "ಪಾಪದ ಹಾಗೆ ಕಾಣ್ತಾಳೆ, ಎಂತ ವಿಷ ಇವಳದ್ದು" ಎಂದು ಪಕ್ಕದವರಿಗೆ ಹೇಳಿದಳಂತೆ. ತನ್ನ ಮುಖವನ್ನು ತಾನು ನೋಡಿದರೆ ಯಾರಿಗೂ ಗುರುತು ಸಿಗುವುದಿಲ್ಲ. ಬೇರೆಯವರಿಗೆ ಸಿಕ್ಕಿತು. ವಾರ ಕಳೆದು ಒಂದು ಮದುವೆ. ಪುಷ್ಪಾವತಿ ಬಾಲ್ದಿ ಹಿಡಿದು ಬಂದು, ತಲೆ ಓರೆ ಮಾಡಿ, "ಒಂದೇ ಸೌಟು, ನನಗಾಗಿ" ಎಂದಳು. ಪಂಕ್ತಿ ಇಡೀ ಎಲೆಯ ಮೇಲೆ ಅಡ್ಡ ಕೈ. ಅವಳು ಆ ತುದಿಯಿಂದ ಈ ತುದಿಯ ತನಕ ನಗುತ್ತಲೇ ನಡೆದಳು, ಒಂದು ಹನಿ ಖರ್ಚಾಗಲಿಲ್ಲ. ನಗು ಕೊನೆಯ ಎಲೆಯ ಹತ್ತಿರ ಮುಗಿಯಿತು. ಅದನ್ನು ನೋಡಲು ನನಗೆ ಅಂಥ ಸಂತೋಷವೇನೂ ಆಗಲಿಲ್ಲ. ಸ್ವಲ್ಪ ಆಯಿತು.

ಮದುವೆ ಮನೆಯ ಯಜಮಾನರು ಸೌಟನ್ನು ತಂದು ನನ್ನ ಕೈಗೆ ಕೊಟ್ಟರು. ಯಾಕೆಂದು ಕೇಳಿದೆ. ಅಬ್ಬಾಸ್ ಬ್ಯಾರಿಯೇ ಹೇಳಿದರು: "ನಿಮ್ಮದಾದರೆ ಇರುದು ಇರುವ ಹಾಗೆ ಮುಖದಲ್ಲೇ ಕಾಣ್ತದೆ. ನಗಾಡಿಕೊಂಡು ಕೊಡುವವರನ್ನು ನಂಬುದು ಹೇಗೆ?" ನಾನು ಬಡಿಸಿದೆ, ಜನ ಕುಡಿದರು. ಪಾಯಸ ಪುಷ್ಪಾವತಿ ಮಾಡಿದ್ದೇ, ಅದೇ ನೀರು ಪಾಯಸ. ನನ್ನ ಕೈಯಿಂದ ಬಿದ್ದ ಮೇಲೆ, "ಕಮಲಕ್ಕನ ಪಾಯಸ ಎಂದರೆ ಪಾಯಸ" ಎಂದರು. ನಾಲಿಗೆ ಇರುವುದು ಬಾಯಿಯಲ್ಲಿ ಎಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ.

ಇಲ್ಲಿಗೆ ನಿಂತಿದ್ದರೆ ನನಗೆ ಸಾಕಿತ್ತು. ಆದರೆ ಆ ಮದುವೆಗೆ ಸಂಜೀವಣ್ಣನೂ ಊಟಕ್ಕೆ ಬಂದಿದ್ದರು. ಪುಷ್ಪಾವತಿ ನಡೆದಂತೆ ಪಂಕ್ತಿಯ ಕೈಗಳು ಒಂದೊಂದಾಗಿ ಅಡ್ಡ ಬರುವುದನ್ನು ಅವರು ಅನ್ನ ಕಲಸುವುದನ್ನು ಬಿಟ್ಟು ನೋಡಿದ್ದರು. ಸುಳ್ಯದ ಹುಡುಗಿಗೆ ಹೇಗೂ ಟೀಚರ್ ಕೆಲಸ ಸಿಕ್ಕಿತ್ತು. ಕೈ ತೊಳೆಯುವಲ್ಲೇ ಪುಷ್ಪಾವತಿಯನ್ನು ಹಿಡಿದರು.

"ಅಕ್ಕ, ನೀವು ನಾಟಕಕ್ಕೆ ಬರ್ತೀರಾ?"

"ನನಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ."

"ಗೊತ್ತು ಬೇಡ. ಈಗ ನಕ್ಕಿರಲ್ಲ, ಅಷ್ಟು ಸಾಕು."

ಪುಷ್ಪಾವತಿ ಈಗ ನಾಟಕದಲ್ಲಿ ವಿಷ ಹಾಕುತ್ತಾಳೆ. ಬೈಯುವುದಿಲ್ಲ, ಕಣ್ಣು ಕೆಂಪು ಮಾಡುವುದಿಲ್ಲ, ನಗುತ್ತಾಳೆ, ಅಷ್ಟೇ. ಕಡಬದಲ್ಲಿ ನಾನು ಪರದೆಯ ಬದಿಯಿಂದ ನೋಡಿದೆ. ಜನ ಕೂಗಲಿಲ್ಲ, ಏಳಲಿಲ್ಲ, ತಣ್ಣಗಾಗಿ ಕುಳಿತರು. ನನಗೆ ಅಷ್ಟು ವರ್ಷದಲ್ಲಿ ಹಾಗೆ ಯಾರೂ ಹೆದರಿಲ್ಲ. ನನ್ನ ಅತ್ತೆಯ ಪಾತ್ರಕ್ಕೆ ಈಗ ಎರಡೇ ದೃಶ್ಯ. ಹೇಳಿಕೊಟ್ಟು ಒಳಗೆ ಹೋಗುವುದು, ಕೊನೆಗೆ ಬಂದು ಅರೆಸ್ಟ್ ಆಗುವುದು. ಬಸ್ಸಿನಲ್ಲಿ ಕಿಟಕಿಯ ಸೀಟು ಪುಷ್ಪಾವತಿಗೆ ಬಿಡುತ್ತಾರೆ. ಮೊನ್ನೆ ನನ್ನ ಪಕ್ಕದಲ್ಲಿ ಒಬ್ಬಳು ಬಂದು ಕುಳಿತು ಉಪ್ಪಿನಂಗಡಿಯ ತನಕ ತನ್ನ ಮೊಣಕಾಲು ನೋವಿನ ಕಥೆ ಹೇಳಿದಳು.

ನಿನ್ನೆ ಬೆಳಿಗ್ಗೆ ಪುಷ್ಪಾವತಿ ಒಂದು ತೂಕುಪಾತ್ರೆ ಹಿಡಿದು ಮನೆಗೆ ಬಂದಳು.

"ಕಡ್ಲೆಬೇಳೆ ಪಾಯಸ, ಕಮಲಕ್ಕ. ನೀವು ಮಾಡುವ ಹಾಗೆಯೇ ಮಾಡಿದ್ದು, ಬೆಲ್ಲ ಹಾಕಿ ತುಂಬ ಹೊತ್ತು ಬೇಯಿಸಿದೆ. ಸರಿ ಆಯ್ತಾ ನೋಡಿ."

ಅವಳೇ ಒಳಗೆ ಹೋಗಿ ಸೌಟು, ಲೋಟ ತಂದಳು, ಲೋಟವನ್ನು ನನ್ನ ಎದುರು ಇಟ್ಟಳು. ನನಗೆ ಆ ಮದುವೆಯ ದಿನ ನೆನಪಾಯಿತು, ಸುಳ್ಯದ ಹುಡುಗಿಗೆ ನಾನು ಕಲಿಸಿದ್ದು ನೆನಪಾಯಿತು. ಪುಷ್ಪಾವತಿಗೆ ಅದನ್ನೆಲ್ಲ ಯಾರಾದರೂ ಹೇಳಿದ್ದಾರೋ ಎಂದು ಮುಖ ನೋಡಿದೆ. ನಗುತ್ತಿದ್ದಳು. ಸೆರಗು ನೋಡಿದೆ. ಅಲ್ಲೊಂದು ಗಂಟು ಇತ್ತು.

"ನೀನು ಮೊದಲು ಕುಡಿ" ಎಂದೆ.

ಅವಳು ಒಂದು ಸೌಟು ಕೈಗೆ ಹಾಕಿ ಕುಡಿದಳು. ಆಮೇಲೆ ತಲೆ ಓರೆ ಮಾಡಿ, "ಒಂದೇ ಸೌಟು ಕಮಲಕ್ಕ, ನನಗಾಗಿ" ಎಂದು ಬಗ್ಗಿದಳು. ಬಗ್ಗಿದವಳು ಬಡಿಸದೆ ಹಾಗೆಯೇ ನಿಂತಳು. ಯಾಕೆ ನಿಂತಳು ಎಂದು ನೋಡಿದರೆ, ನನ್ನ ಕೈ ಲೋಟದ ಮೇಲಿತ್ತು.