ಸಿ ಶ್ರುತಿಗೆ ಇಳಿದ ಆರ್ಚಿ

ಮದುವೆಯ ದಿನ ಬೆಳಿಗ್ಗೆ ಆರ್ಚಿ ಹಿಸ್ಲಪ್ ಓಟ್ಸ್ ಗಂಜಿಗೆ ಉಪ್ಪು ಹಾಕಿಕೊಳ್ಳುತ್ತಿದ್ದಾಗ, ಕೂದಲು ಗುಂಗುರು ಮಾಡುವ ಸುರುಳಿಗಳನ್ನು ತಲೆ ತುಂಬ ಸಿಕ್ಕಿಸಿಕೊಂಡ ಮದುಮಗಳೇ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಅವನ ತಂಗಿಯ ಮಗಳು ಕರ್ಸ್ಟಿ.

"ಮಾಮ, ಕೂತ್ಕೊಂಡೇ ಕೇಳು. ನಾನು ಚರ್ಚೊಳಗೆ ನಡೆದು ಬರುವಾಗ ನೀನೂ ಆರ್ಗನ್ ಇಷ್ಬೆಲ್ ಟೀಚರೂ ಸೇರಿ ನುಡಿಸೋ ಹಾಡಿದೆಯಲ್ಲ, ಟೀಚರ್ ಪುಸ್ತಕದಲ್ಲಿ ಅದು ಸಿ ಶ್ರುತೀಲಿದೆಯಂತೆ."

ಆರ್ಚಿಯ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಅವನ ಸ್ಮಾಲ್‌ಪೈಪ್ ಎ ಶ್ರುತಿಯದು. ಕಂಕುಳಲ್ಲಿ ತಿದಿ ಒತ್ತುತ್ತಾ, ಮಗುವನ್ನು ತಬ್ಬಿಕೊಂಡಂತೆ ತಬ್ಬಿಕೊಂಡು ನುಡಿಸುವ ವಾದ್ಯ. ಬೆರಳಾಡುವ ಕೊಳಲಿಗೆ ಚಾಂಟರ್ ಎನ್ನುತ್ತಾರೆ. ಅದರ ಜೊತೆಗೆ ಮೂರು ಶ್ರುತಿ ಕೊಳವೆಗಳು ಒಂದೇ ಸಮನೆ ಗುಂಯ್‌ಗುಡುತ್ತಿರಬೇಕು. ಚಾಂಟರ್ ಬದಲಾದರೆ ಕೊಳವೆಗಳೂ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ಒಂದೇ ಒಲೆಯ ಮುಂದೆ ಇಬ್ಬರು ಅತ್ತೆಯರು ನಿಂತ ಹಾಗೆ.

"ನೋಡ್ತೀನಿ, ಹೋಗು" ಎಂದ. ಆ ದನಿ ಕೇಳಿ ಕರ್ಸ್ಟಿಗೆ ಕರುಳು ಚುರುಕ್ಕೆಂದಿತು.

ಆರ್ಚಿಯ ಭಯಕ್ಕೆ ಕಾರಣವಿತ್ತು. ಆ ಚರ್ಚಿನಲ್ಲಿ ಈವರೆಗೆ ಯಾರೂ ಪೈಪ್ ನುಡಿಸಿದ್ದಿಲ್ಲ. ಹನ್ನೊಂದು ವರ್ಷ ಬೇಡವೆಂದ ಪಾದ್ರಿ ಎಲಿಯಟ್ ಈ ಮದುವೆಗೆ ಮಾತ್ರ ಒಪ್ಪಿದ್ದರು. "ಚೆನ್ನಾಗಾದರೆ ಮುಂದೆ ನೋಡೋಣ. ಕೆಟ್ಟರೆ ಇದೇ ಕೊನೆ" ಎಂದಿದ್ದರು. ಅಭ್ಯಾಸಕ್ಕೂ ಬಾಗಿಲು ತೆರೆಯಲಿಲ್ಲ. ಅಭ್ಯಾಸ ಮಾಡಿದರೂ ಅದು ನುಡಿಸಿದಂತೆಯೇ ಅಲ್ಲವೇ ಎಂಬುದು ಅವರ ವಾದ.

ಹರಾಜಿನಲ್ಲಿ ಕೊಂಡು ಮರೆತಿದ್ದ ಸಿ ಚಾಂಟರ್ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಕೊಳವೆಗಳ ಎ ಸ್ಥಾನಕ್ಕೆ ಪೆನ್ಸಿಲ್ ಗುರುತು ಹಾಕಿ, ಆರ್ಚಿ ಒಂದೊಂದನ್ನೇ ಹೊರಗೆಳೆದ. ಉದ್ದವಾದಷ್ಟೂ ಸ್ವರ ಇಳಿಯುತ್ತದೆ. ಮೊದಲನೆಯದೂ ಕೊನೆಯದೂ ಮಾತು ಕೇಳಿದವು. ನಡುವಿನದು ಎಷ್ಟು ಎಳೆದರೂ ಸಾಲಲಿಲ್ಲ.

"ಯಾರದು ಬೆಳಿಗ್ಗೆ ಬೆಳಿಗ್ಗೆ ಕರುವಿನ ಕತ್ತು ಹಿಸುಕ್ತಿರೋದು?" ಎನ್ನುತ್ತ ಪಕ್ಕದ ಮನೆಯ ವಾಟಿ ಪರ್ವಿಸ್ ಬಂದ. ನಿವೃತ್ತ ಪ್ಲಂಬರ್. ಕರೆಯದೆ ಬರುವುದು ಅವನ ಅಭ್ಯಾಸ, ಬಂದಮೇಲೆ ಏನಾದರೂ ರಿಪೇರಿ ಮಾಡದೆ ಹೋಗದಿರುವುದು ಅವನ ರೋಗ.

ಅಂಗೈಯಗಲದ ತಾಮ್ರದ ಪೈಪಿನ ತುಂಡೊಂದನ್ನು ತಂದು, ಬಿಳಿ ಟೇಪು ಸುತ್ತಿ ಕೊಳವೆಗೆ ಸಿಕ್ಕಿಸಿದ. ಶ್ರುತಿ ಕೂಡಿತು. "ಸ್ವಲ್ಪ ಅಂಟು ಹಾಕ್ಬಿಡ್ತೀನಿ. ಎರಡು ನಿಮಿಷಕ್ಕೆ ಕಲ್ಲಾಗತ್ತೆ."

"ಬೇಡ ಮಾರಾಯ. ಜಾರೋದೇ ಅದರ ಕೆಲಸ. ಅಂಟಿಸಿದ್ರೆ ವಾದ್ಯ ಸತ್ತಂಗೆ."

"ನಲವತ್ತು ವರ್ಷ ಈ ಸೆಲ್ಕರ್ಕ್ ಊರಿನ ಪೈಪೆಲ್ಲ ನಾನೇ ಜೋಡಿಸಿದ್ದು. ಒಂದಾದ್ರೂ ಜಾರಿತೇನಯ್ಯ?" ವಾಟಿ ಮುಖ ಊದಿಸಿಕೊಂಡು ಹೋದ.

ಹನ್ನೊಂದಕ್ಕೆ ಚರ್ಚಿನ ಬಾಗಿಲು ತೆರೆಯಿತು. ಆರ್ಚಿ ತಿದಿ ಒತ್ತಿ ಒಂದು ಹೆಜ್ಜೆ ಇಟ್ಟ. ಅದೇ ಗಳಿಗೆಗೆ ಇಷ್ಬೆಲ್ ಟೀಚರ್ ಆರ್ಗನ್ ಶುರುವಾಯಿತು.

ಮೇಲೆ ಕೂತಿದ್ದ ಪಾರಿವಾಳಗಳು ಒಟ್ಟಿಗೆ ಎದ್ದವು. ವರನ ಅಜ್ಜಿ ಕಿವಿಯ ಯಂತ್ರ ಕಿತ್ತು ಕೈಚೀಲಕ್ಕೆ ಹಾಕಿಕೊಂಡರು. ಆರ್ಚಿ ಬೆಚ್ಚಿ ಮೊಣಕೈ ಅದುಮಿದ್ದಕ್ಕೆ ತಾಮ್ರದ ತುಂಡು ಕಳಚಿ ಬಿತ್ತು. ಠಣ್ಣೆಂದು ಕಲ್ಲುನೆಲದ ಮೇಲೆ ಉರುಳಿ ಉರುಳಿ, ಪಾದ್ರಿಗಳ ಬೂಟಿಗೆ ತಗಲಿ ನಿಂತಿತು.

ಆರ್ಗನ್ ಹಿಂದಿನಿಂದ ಇಷ್ಬೆಲ್ ಟೀಚರ್ ತಲೆ ಹೊರಬಂತು. "ಆರ್ಚಿ, ನಿಮ್ಮತ್ರ ಎ ಮಾತ್ರ ಇರೋದು ಅಂತ ಕರ್ಸ್ಟಿ ಹೇಳಿದ್ಲು. ನಿಮಗೋಸ್ಕರ ಇಡೀ ಹಾಡನ್ನ ಎ ಶ್ರುತಿಗೆ ಬದಲಾಯಿಸ್ಕೊಂಡೆನಲ್ಲಪ್ಪ."

"ನಿಮಗೋಸ್ಕರ ನಾನು ಸಿಗೆ ಬಂದ್ನಲ್ಲ ಟೀಚರ್."

ಇಬ್ಬರೂ ಮದುಮಗಳ ಕಡೆ ತಿರುಗಿದರು. "ಮಾಮನ್ನ ನೋಡಿ ಪಾಪ ಅನ್ನಿಸ್ತು" ಎಂದಳು ಕರ್ಸ್ಟಿ, ಮುಸುಕಿನೊಳಗಿಂದ. ಕೊನೆಗೆ ಆರ್ಗನ್ ಒಂದರ ಜೊತೆಗೇ ನಡೆದಳು. ಆರ್ಚಿ ವಾದ್ಯವನ್ನು ಬೆಂಚಿನ ಮೇಲಿಟ್ಟು ಕಂಬದ ಹಿಂದೆ ನಿಂತ.

ಚಹಾದ ಹೊತ್ತಿಗೆ ಪಾದ್ರಿಗಳೇ ಅವನನ್ನು ಹುಡುಕಿಕೊಂಡು ಬಂದರು. ಒಂದು ಕೈಯಲ್ಲಿ ಬೆಣ್ಣೆ ಸವರಿದ ಬ್ಯಾನಕ್ ರೊಟ್ಟಿ, ಇನ್ನೊಂದರಲ್ಲಿ ತಾಮ್ರದ ತುಂಡು.

"ಇದು ನಿಮ್ಮದಿರಬೇಕು."

"ತಪ್ಪಾಯ್ತು ಅಯ್ಯನವರೇ. ಇನ್ನು ಈ ಕಡೆ ತರಲ್ಲ."

"ತಾಳಿ. ನೀವೂ ಟೀಚರೂ ಒಬ್ಬರಿಗಾಗಿ ಇನ್ನೊಬ್ಬರು ತಮ್ಮ ಶ್ರುತಿ ಬಿಟ್ಟಿರಿ. ಗಂಡಹೆಂಡಿರಿಗೆ ನಾನು ಇಪ್ಪತ್ತು ವರ್ಷದಿಂದ ಹೇಳ್ತಿರೋದು ಅದೇ. ನಾಳೆ ಭಾನುವಾರದ ಪ್ರಾರ್ಥನೆಗೆ ಇನ್ನೊಂದು ಸಲ ಬನ್ನಿ. ನಾಳೆಯೂ ಹೀಗೇ ಆದ್ರೆ ಮಾತ್ರ ಮುಗೀತು."

ಆರ್ಚಿ ತಟ್ಟೆಯಿಂದ ಒಂದು ಬ್ಯಾನಕ್ ಎತ್ತಿಕೊಂಡ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಒಂದು ತುತ್ತು ಬಾಯಿಗಿಟ್ಟ. ಅಷ್ಟರಲ್ಲಿ ವಾಟಿ ಸ್ಮಾಲ್‌ಪೈಪನ್ನು ಎದೆಗವಚಿಕೊಂಡು ಬಂದ. ಮುಖದ ತುಂಬ ನಗು.

"ಯೋಚನೆ ಬಿಡು ಆರ್ಚಿ. ಊರ ಮುಂದೆ ನನ್ನ ಕೆಲಸ ಕಳಚಿ ಬಿತ್ತು, ನನಗೂ ಮಾನ ಇಲ್ವಾ? ಎ ಬೇಕು ಅಂತ ಟೀಚರ್ ಹೇಳಿದ್ದು ಕೇಳಿಸ್ಕೊಂಡೆ. ಮೂರು ಕೊಳವೆನೂ ನಿನ್ನ ಪೆನ್ಸಿಲ್ ಗುರುತಿಗೆ ತಳ್ಳಿ ಅಂಟಿಸಿದ್ದೀನಿ. ಮುಂದಿನ ಕೊಳಲೂ ಅಲ್ಲಾಡ್ತಿತ್ತು, ಅದನ್ನೂ ಕೂರಿಸ್ಬಿಟ್ಟೆ. ನೀನು ಸತ್ರೂ ಅದು ಜಾರಲ್ಲ."

ಆರ್ಚಿ ಚಾಂಟರನ್ನು ಹಿಡಿದು ತಿರುವಿದ. ಸಿ ಚಾಂಟರ್. ಬಂಡೆಯಂತೆ ಕೂತಿತ್ತು. ಕೊಳವೆಗಳನ್ನು ಎಳೆದ. ಎಲ್ಲವೂ ಎ ಗುರುತಿನಲ್ಲಿ. ಅವೂ ಬಂಡೆಯೇ.

ಬಾಯೊಳಗಿದ್ದ ಬ್ಯಾನಕ್ ಒಳಗೂ ಹೋಗದೆ ಹೊರಗೂ ಬರದೆ ನಿಂತಿತು.

ಇಷ್ಬೆಲ್ ಟೀಚರ್ ಕೈಯಲ್ಲಿ ಪೆನ್ಸಿಲ್ ಹಿಡಿದು ಹತ್ತಿರ ಬಂದರು. "ಈ ಸಲ ಮೊದಲೇ ಕೇಳಿ ಬರ್ಕೊಂಡ್ಬಿಡ್ತೀನಪ್ಪ. ನಾಳೆ ನಿಮ್ಮದು ಯಾವ ಶ್ರುತಿ, ಎ ನೋ ಸಿ ನೋ?"

ಆರ್ಚಿ ಕಷ್ಟಪಟ್ಟು ನುಂಗಿದ.

"ಎರಡೂ, ಟೀಚರ್."