ಉಡಿ ತುಂಬಿ ಕೊಟ್ಟ ನಡುಗಡ್ಡಿ

ನಮ್ಮ ಸೋದರಮಾವನಂಥವ್ರು ಸಿರುಗುಪ್ಪ ತಾಲೂಕಿನ್ಯಾಗ ಇನ್ನೊಬ್ರು ಇಲ್ಲ. ಇದ್ದಿದ್ರ ತಾಲೂಕು ತಡಕೊಳ್ತಿರಲಿಲ್ಲ ಬಿಡ್ರಿ! ಹೊಳಿ ನಡುವಿನ ನಡುಗಡ್ಡಿನ ಸರ್ಕಾರಕ್ಕ ಮದುವಿ ಮಾಡಿ ಕೊಟ್ಟ ಮನುಷ್ಯ ಅವ್ರು.

ತುಂಗಭದ್ರಾದಾಗ ಅಂಗೈ ಅಗಲದ ಜಾಗ ಅದು. ಅಜ್ಜನ ಕಾಲಕ್ಕ ಅಲ್ಲಿ ಕಲ್ಲಂಗಡಿ ಬೆಳಿತಿದ್ರು. ಆಮ್ಯಾಲ ಆಡು ಮೇದ್ವು, ಮರಳಿನವ್ರು ಬಂದು ಅರ್ಧ ಕೆರಕೊಂಡು ಹೋದ್ರು. ಕಡಿಗೆ ಅರಣ್ಯ ಇಲಾಖೆಯವ್ರು, ಇದು ಹಕ್ಕಿಗಳ ಜಾಗ, ಇನ್ನ ಯಾರೂ ಕಾಲಿಡಂಗಿಲ್ಲ ಅಂತ ಬೋರ್ಡ್ ನಿಲ್ಲಿಸಿದ್ರು. ಊರಿನವ್ರೆಲ್ಲ ಬೈದ್ರು. ಮಾವ ಮಾತ್ರ ಅಕ್ಕಿ, ಕೊಬ್ಬರಿ ಬಟ್ಟಲ, ಹಸಿರು ಕುಪ್ಪಸದ ಬಟ್ಟಿ ಕಟ್ಟಿಕೊಂಡು ಬಳ್ಳಾರಿ ಬಸ್ ಹತ್ತಿದ್ರು. ಮಗಳನ್ನ ಗಂಡನ ಮನಿಗೆ ಕಳಿಸುವಾಗ ತುಂಬತಾರಲ್ಲ, ಹಂಗ ಉಡಿ ತುಂಬಬೇಕಂತ! ಯಾರಿಗೆ ತುಂಬೋದು? ಅರಣ್ಯ ಆಫೀಸಿನ ಸಾಹೇಬ್ರು ಗಾಬರಿಯಾಗಿ ನಡುಗಡ್ಡಿ ಫೈಲನ್ನ ಮುಂದಿಟ್ರಂತ. ಮಾವ ಅದಕ್ಕ ಅರಿಷಿಣ ಕುಂಕುಮ ಹಚ್ಚಿ ಬಂದ್ರು.

ನಕ್ಕಿದ್ದು ಸಾಕು. ಈ ಬ್ಯಾಸಿಗ್ಯಾಗ ಒಂದಿನ ಮುಂಜಾನೆ ಅಲ್ಲಿಯ ಫಾರೆಸ್ಟ್ ಗಾರ್ಡ್ ನನಗ ಫೋನ್ ಮಾಡಿದ. ಕುಡಿಯೋ ನೀರಿಗಂತ ಡ್ಯಾಂನಿಂದ ಹೊಳಿಗೆ ನೀರು ಬಿಟ್ಟಾರ, ನಿಮ್ಮ ಮಾವ ನಡುಗಡ್ಡಿ ಮ್ಯಾಲ ಅದಾರ, ಕರದ್ರ ಬರವಲ್ರು, ಕೇಸ್ ಹಾಕ್ತೀನಿ ಅಂದ. ಎಪ್ಪತ್ತು ದಾಟಿದ ಮನುಷ್ಯ, ಈಜು ಬಿಟ್ಟು ಎಷ್ಟೋ ವರ್ಷ ಆಗೈತಿ! ಬಳ್ಳಾರಿಯಿಂದ ಬೈಕ್ ಮ್ಯಾಲ ಹೊಂಟಾವ ತೆಕ್ಕಲಕೋಟಿ ದಾಟೋತನಕ ಉಸಿರು ಬಿಟ್ಟೆನೋ ಇಲ್ಲೋ ಗೊತ್ತಿಲ್ಲ.

ಹೊಳಿ ಏರಾಕತ್ತಿತ್ತು. ಗಾರ್ಡ್ ಹರಗೋಲಿಗೆ ಹುಟ್ಟು ಹಾಕಿದ, ನಾನು ಒಳಗ ಕುಂತು ಇದ್ದಬದ್ದ ದೇವ್ರನ್ನೆಲ್ಲ ನೆನೆಸಿದೆ. ನೋಡ್ತೀನಿ, ಮಾವ ಮೊಣಕಾಲು ಮಟ ನೀರಾಗ ನಿಂತು ಗೊಬ್ಬರದ ಖಾಲಿ ಚೀಲಕ್ಕ ಮರಳು ತುಂಬಾಕತ್ತಾರ! ಅವ್ರ ಬೆನ್ನಿಗೆ, ಒಣಾ ಮರಳಿನ ತಗ್ಗಿನ್ಯಾಗ, ಹೊಳಿಹಕ್ಕಿಯ ಮೂರು ಮೊಟ್ಟಿ. ತಾಯಿಹಕ್ಕಿ ನಮ್ಮ ತಲಿ ಮ್ಯಾಲ ಚೀರಿಕೋತ ಸುತ್ತತಿತ್ತು.

ಹುಚ್ಚು ಹಿಡದೈತೇನು ನಿಮಗ ಅಂತ ಬೈದು ರಟ್ಟಿ ಹಿಡದು ಎಳದೆ. ಮಾವ ಕೈ ಕೊಡವಿದ್ರು.

"ಕೊಟ್ಟ ಮಗಳ ಮನಿಗೆ ನೀರು ಹೊಕ್ಕರ ಹಡದಪ್ಪ ದಂಡಿ ಮ್ಯಾಲ ನಿಂತು ನೋಡಬೇಕೇನಲೇ?"

ಗಾರ್ಡ್ ಕೇಸ್ ಬರಿಯೋ ಪುಸ್ತಕನ ಹರಗೋಲಿನ್ಯಾಗ ಒಗದು, ಪ್ಯಾಂಟ್ ಮಡಚಿ ನೀರಿಗಿಳದ. ಮೂವರೂ ಸೇರಿ ಮೊಟ್ಟಿ ಸುತ್ತ ಚೀಲ ಒಟ್ಟಿದ್ವಿ. ನೀರು ಬಂತು, ಮೊದಲನೇ ಸಾಲು ಮುಳುಗಿಸ್ತು, ಎರಡನೇ ಸಾಲಿನ ತುದಿ ಇನ್ನ ಗೇಣು ಇರೂತನ ಏರಿ ನಿಂತ್ಕೊಂತು. ಆದ್ರೂ ಮೊಟ್ಟಿ ಬಾಜೂಕ ಕುಂತ ಮಾವ ಏಳವಲ್ರು. ನಾನು ಕೈ ಮುಗದೆ, ಅತ್ತೀ ಹೆಸರು ಹೇಳಿ ಹೆದರಿಸಿದೆ, ಜಪ್ಪಯ್ಯ ಅನ್ನಲಿಲ್ಲ.

ಗಾರ್ಡ್ ಅವ್ರ ಮುಂದ ಕುಕ್ಕರಗಾಲಿನ್ಯಾಗ ಕುಂತ.

"ನಾವು ಇಲ್ಲಿದ್ರ ತಾಯಿ ಗೂಡಿಗೆ ಬರಂಗಿಲ್ರಿ ಬೀಗರ. ನೀವು ನಡೀರಿ. ದಂಡಿಯಿಂದ ಕಾಯಾಕ ನಾ ಅದೀನಿ."

ಮಾವ ಎದ್ದು ಹರಗೋಲು ಹತ್ತಿದ್ರು, ಗಾರ್ಡ್ ಹುಟ್ಟು ಹಾಕಿದ. ದಂಡಿ ಮುಟ್ಟೋತನಕ ನನ್ನ ಕೈ ಹಿಡಕೊಂಡು ಅತ್ರು.